ಕಿಟಕಿ ಮುಚ್ಚಿದರಷ್ಟೇ ಪರ್ದಾವೇ?

ಬೀದಿಗೆ ಮುಖ ಮಾಡಿರುವ ನಿಮ್ಮ ಮನೆಯ ಕಿಟಕಿ ದಿನದಲ್ಲಿ ಎಷ್ಟು ಹೊತ್ತು ತೆರೆದಿರುತ್ತದೆ? ಮೂಳೆ ನೋವು, ಸೊಂಟ ನೋವು, ಸದಾ ಆಯಾಸ ಎಂದು ಬರುವ ಹೆಣ್ಣುಮಕ್ಕಳಲ್ಲಿ ನಾನು ಈ ಪ್ರಶ್ನೆ ಕೇಳುವುದುಂಟು. "ಎದುರು ಮನೆಗೆ ಎಲ್ಲ ಕಾಣುತ್ತದೆ ಡಾಕ್ಟ್ರೇ, ತೆರೆಯುವುದೇ ಇಲ್ಲ" ಎನ್ನುವವರು ಅನೇಕರು. ಪರ್ದಾ ಬೇಕು, ಸರಿ. ಅದಕ್ಕಾಗಿ ಗಾಳಿ, ಬಿಸಿಲನ್ನೂ ಬಿಡಬೇಕೇ? ಇರಾನಿನ ಹಳೆಯ ಮನೆಗಳನ್ನು ಕಟ್ಟಿದವರು ಎರಡನ್ನೂ ಉಳಿಸಿಕೊಂಡಿದ್ದರು.

ಯಜ್ದ್ ಅಥವಾ ಕಾಶಾನ್ ನಗರದ ಹಳೆಯ ಓಣಿಯಲ್ಲಿ ನಡೆದರೆ ಎರಡೂ ಬದಿಗೆ ಎತ್ತರದ ಮಣ್ಣಿನ ಗೋಡೆ. ಬೀದಿಯ ಕಡೆ ಕಿಟಕಿ ಇಲ್ಲವೆನ್ನುವಷ್ಟು ಕಡಿಮೆ. ಎಷ್ಟೋ ಬಾಗಿಲುಗಳಲ್ಲಿ ಎರಡು ಬಡಿಗೆಗಳಿರುತ್ತವೆ. ಗಂಡಸರಿಗೆ ದಪ್ಪ ಸದ್ದಿನ ಸರಳು, ಹೆಂಗಸರಿಗೆ ಸಣ್ಣ ಸದ್ದಿನ ಬಳೆ. ಸದ್ದು ಕೇಳಿಯೇ ಯಾರು ಬಾಗಿಲು ತೆಗೆಯಬೇಕೆಂದು ಮನೆಯವರಿಗೆ ತಿಳಿಯುತ್ತಿತ್ತು. ಒಳಗೆ ಕಾಲಿಟ್ಟರೆ ಹಷ್ತಿ ಎಂಬ ಎಂಟು ಮೂಲೆಯ ಚಿಕ್ಕ ಪಡಸಾಲೆ. ಅಲ್ಲಿಂದ ತಿರುವುಳ್ಳ ಓಣಿಯಂಥ ದಾರಿ. ಹೀಗಾಗಿ ಬಾಗಿಲು ತೆರೆದಿದ್ದರೂ ದಾರಿಹೋಕನ ನೋಟ ಗೋಡೆಗೆ ತಾಗಿ ನಿಲ್ಲುತ್ತದೆ. ಅತಿಥಿಗಳಿಗೆ ಬೀರೂನಿ ಎಂಬ ಹೊರಭಾಗ, ಕುಟುಂಬಕ್ಕೆ ಅಂದರೂನಿ ಎಂಬ ಒಳಭಾಗ.

ಅನುಮತಿ ಕೇಳದೆ, ಸಲಾಮ್ ಹೇಳದೆ ಪರರ ಮನೆ ಹೊಗಬಾರದೆಂದು ಸೂರಃ ಅನ್ನೂರ್‌ನ 27ನೇ ವಚನ ಆದೇಶಿಸುತ್ತದೆ. ಈ ಅನುಮತಿಯ ನಿಯಮ ಇರುವುದೇ ದೃಷ್ಟಿಯ ಕಾರಣಕ್ಕೆ ಎಂದು ಪ್ರವಾದಿ(ಸ) ತಿಳಿಸಿದ್ದಾರೆ. ಅಂಗಳದ ಮನೆ ಇರಾನಿನಲ್ಲಿ ಇಸ್ಲಾಮಿಗಿಂತಲೂ ಹಳೆಯದು, ಮರುಭೂಮಿಯ ಧೂಳಿಗೂ ಅದೇ ಮದ್ದು. ಆದರೂ ಈ ಶಿಷ್ಟಾಚಾರಕ್ಕೆ ಅದು ಚೆನ್ನಾಗಿ ಒಗ್ಗಿಕೊಂಡಿತು.

ಈಗ ಅಂಗಳಕ್ಕೆ ಬನ್ನಿ. ಬೀದಿಗೆ ಕಣ್ಣು ಮುಚ್ಚಿದ ಮನೆ ಇಲ್ಲಿ ನೂರು ಕಣ್ಣು ತೆರೆಯುತ್ತದೆ. ನಡುವೆ ನೀರಿನ ಕೊಳ, ಗಿಡಮರ. ಸುತ್ತಲಿನ ಕೋಣೆಗಳ ಹೆಸರೇ ತೆರಪುಗಳ ಲೆಕ್ಕದ್ದು: ಮೂರು ತೆರಪಿದ್ದರೆ ಸೆ-ದರಿ, ಐದಿದ್ದರೆ ಪಂಜ್-ದರಿ. ದೊಡ್ಡ ಕೋಣೆಗೆ ಓರೊಸಿ ಕಿಟಕಿ. ಮರದ ಜಾಲರಿಯಲ್ಲಿ ಬಣ್ಣದ ಗಾಜು ಕೂರಿಸಿದ ಇದರ ಕದಗಳು ಪಕ್ಕಕ್ಕೆ ತೆರೆಯುವುದಿಲ್ಲ, ಮೇಲಕ್ಕೆ ಸರಿಯುತ್ತವೆ. ಹಗಲು ಅಂಗಳ ಬೆಳಕು, ಕೋಣೆ ಮಬ್ಬು. ಆದ್ದರಿಂದ ಒಳಗಿದ್ದವರಿಗೆ ಹೊರಗಿನದು ಕಾಣುತ್ತದೆ, ಹೊರಗಿನವರಿಗೆ ಒಳಗಿನದು ಕಾಣದು. ರಾತ್ರಿ ದೀಪ ಹಚ್ಚಿದರೆ ಇದು ತಿರುಗುಮುರುಗಾಗುತ್ತದೆ, ಆಗ ಪರದೆ ಎಳೆಯಲೇಬೇಕು. ಮದುವೆಗೆ ಓರೊಸಿಯನ್ನು ಮೇಲೆತ್ತಿದರೆ ಕೋಣೆ, ಅಂಗಳ ಒಂದೇ ಆಗುತ್ತಿದ್ದವು. ಕೊಳದ ಮೇಲೆ ಹಲಗೆ ಹಾಸಿ ಹಾಸ್ಯ ನಾಟಕ ಆಡಿಸುವ ವಾಡಿಕೆಯೂ ಇತ್ತು.

ಚಳಿಗಾಲದಲ್ಲಿ ಕುಟುಂಬ ದಕ್ಷಿಣದ ಬಿಸಿಲಿಗೆ ತೆರೆದ ಕೋಣೆಗಳಲ್ಲಿ ವಾಸಿಸುತ್ತಿತ್ತು, ಬೇಸಿಗೆಯಲ್ಲಿ ಎದುರಿನ ನೆರಳಿನ ಕೋಣೆಗಳಿಗೆ ಹೋಗುತ್ತಿತ್ತು. ಯಜ್ದ್‌ನಲ್ಲಿ ಬಾದ್‌ಗೀರ್ ಎಂಬ ಗಾಳಿಗೋಪುರ ಮೇಲಿನ ಗಾಳಿಯನ್ನು ಕೆಳಗಿಳಿಸುತ್ತದೆ. ಅಲ್ಲಿನ ದೌಲತಾಬಾದ್ ಉದ್ಯಾನದ ಗೋಪುರದ ಎತ್ತರ ಸುಮಾರು 33 ಮೀಟರ್. ಇವೆಲ್ಲ ಹೆಚ್ಚಾಗಿ ಅನುಕೂಲಸ್ಥರ ಮನೆಗಳು ಎಂಬುದನ್ನು ಮರೆಯಬಾರದು. ಒಂದೇ ಕೋಣೆಯ ಬಡವನಿಗೆ ಅಂದರೂನಿ ಎಲ್ಲಿಂದ?

ನಮ್ಮ ಯುನಾನಿಯಲ್ಲಿ ಆರೋಗ್ಯಕ್ಕೆ ಅಗತ್ಯವಾದ ಆರು ಸಂಗತಿಗಳಿಗೆ ಅಸ್ಬಾಬೆ ಸಿತ್ತಾ ಜರೂರಿಯಾ ಎನ್ನುತ್ತೇವೆ. ಅವುಗಳಲ್ಲಿ ಮೊದಲನೆಯದು ಸುತ್ತಲಿನ ಹವಾ. 1037ರಲ್ಲಿ ಇರಾನಿನ ಹಮದಾನಿನಲ್ಲಿ ನಿಧನರಾದ ಇಬ್ನ್ ಸೀನಾ ತಮ್ಮ ಅಲ್-ಖಾನೂನ್ ಗ್ರಂಥದಲ್ಲಿ ವಾಸದ ಮನೆಯ ಬಗ್ಗೆಯೂ ಬರೆದಿದ್ದಾರೆ. ಕಿಟಕಿಗಳು ಪೂರ್ವ ಮತ್ತು ಉತ್ತರಕ್ಕಿರಲಿ, ಬಿಸಿಲು ಒಳಗೆ ತಲುಪಲಿ ಎಂಬುದು ಅವರ ಸಲಹೆ. ಗಾಳಿಯಾಡದ ಕೋಣೆಯಲ್ಲಿ ಕ್ಷಯ ಸುಲಭವಾಗಿ ಹರಡುತ್ತದೆಂದು ಇಂದಿನ ವೈದ್ಯಶಾಸ್ತ್ರವೂ ಹೇಳುತ್ತದೆ. ಇನ್ನೊಂದು ಮಾತು: ವಿಟಮಿನ್ ಡಿ ತಯಾರಾಗಲು ಬೇಕಾದ ಕಿರಣಗಳನ್ನು ಕಿಟಕಿಯ ಗಾಜು ತಡೆಯುತ್ತದೆ. ಗಾಜಿನ ಹಿಂದೆ ಕುಳಿತು ಬಿಸಿಲು ಕಾಯಿಸಿದರೆ ಮೈ ಬೆಚ್ಚಗಾಗುತ್ತದೆಯೇ ಹೊರತು ಮೂಳೆಗೆ ಲಾಭವಿಲ್ಲ. ಇರಾನಿನ ಮನೆಯಾಕೆಗೆ ಈ ಲಾಭ ಕೊಟ್ಟದ್ದು ಬಣ್ಣದ ಗಾಜಲ್ಲ, ಯಾರೂ ಇಣುಕದ ಅಂಗಳ.

1930ರ ದಶಕದಲ್ಲಿ ಹಳೆಯ ಬಡಾವಣೆಗಳನ್ನು ಸೀಳಿ ಅಗಲ ರಸ್ತೆಗಳು ಬಂದವು, ಮುಂದೆ ಅಪಾರ್ಟ್‌ಮೆಂಟ್‌ಗಳು. ಅಂಗಳ ಹೋಗಿ ಕಿಟಕಿ ಬೀದಿಗೆ ತಿರುಗಿತು, ಹಿಂದೆಯೇ ದಪ್ಪ ಪರದೆ ಬಂತು. ನಮ್ಮ ಮೂವತ್ತು-ನಲವತ್ತರ ಸೈಟಿನ ಮನೆಗಳ ಸ್ಥಿತಿಯೂ ಇದೇ.

ಅಂಗಳಕ್ಕೆ ಜಾಗವಿಲ್ಲದಿದ್ದರೂ ದಾರಿಯಿದೆ. ಹೊಸ ಮನೆ ಕಟ್ಟುವಾಗ ಮೇಸ್ತ್ರಿಗೆ ಮೊದಲೇ ಹೇಳಿ: ನಿಮ್ಮ ಬಾಗಿಲು ಎದುರು ಮನೆಯ ಬಾಗಿಲಿಗೆ ನೇರ ಬೇಡ. ಬೀದಿ ಬದಿಯ ತೆರಪು ನಿಂತವರ ಕಣ್ಣಿಗಿಂತ ಮೇಲಿರಲಿ, ಅದರ ಎದುರು ಗೋಡೆಯಲ್ಲೂ ಒಂದು ತೆರಪು ಇರಲಿ, ಇಲ್ಲದಿದ್ದರೆ ಗಾಳಿ ಹಾಯುವುದಿಲ್ಲ. ಕಟ್ಟಿದ ಮನೆಯಾದರೆ ಕಿಟಕಿಯ ಕೆಳಗಿನ ಅರ್ಧಕ್ಕೆ ಮಬ್ಬು ಗಾಜು ಹಾಕಿ, ಮೇಲಿನ ಅರ್ಧವನ್ನು ಸೊಳ್ಳೆಬಲೆಯೊಂದಿಗೆ ತೆರೆದಿಡಿ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುತ್ತಿದ್ದ ಇರಾನಿನ ಜನ ಮಾಳಿಗೆಯ ಅಂಚಿಗೂ ಎತ್ತರದ ಗೋಡೆ ಕಟ್ಟಿಕೊಳ್ಳುತ್ತಿದ್ದರು. ನಿಮ್ಮ ಟೆರೇಸಿನ ಒಂದು ಮೂಲೆಗೆ ಆಳೆತ್ತರದ ಜಾಲಿ ಗೋಡೆ ಏರಿಸಿದರೆ ಮನೆಯ ಹೆಂಗಸರು ಬೆಳಿಗ್ಗೆ ಹತ್ತರ ನಂತರ ಸ್ವಲ್ಪ ಹೊತ್ತು ತೋಳು, ಕಾಲಿಗೆ ಬಿಸಿಲು ತಾಗುವಂತೆ ನಿಶ್ಚಿಂತೆಯಿಂದ ಕೂರಬಹುದು.