ಟ್ಯಾಂಕು ತುಂಬಿದ್ದರೆ ಐದು ನಕ್ಷತ್ರ

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಕೇಳಿದ ಪ್ರಶ್ನೆ ಇದು. ರಾತ್ರಿ ಊಟವಾದ ಮೇಲೆ ಹಳೆಯ ಕನ್ನಡ ಸಿನಿಮಾ ನೋಡುವುದು ಅವರ ಅಮ್ಮನ ಅಭ್ಯಾಸ. ಹಾಗಾಗಿ ಡಿಶ್ ತೆಗೆಸಿ ಸ್ಮಾರ್ಟ್ ಟೀವಿ ತಂದಿದ್ದಾರೆ. ಯಾವ ಓಟಿಟಿಗೆ ವರ್ಷದ ಚಂದಾ ಕಟ್ಟುವುದೆಂದು ಜನರ ವಿಮರ್ಶೆಗಳನ್ನು ಓದಲು ಕೂತರೆ ತಲೆ ಕೆಟ್ಟುಹೋಯಿತಂತೆ. ಒಂದೇ ಆ್ಯಪ್‌ಗೆ ಒಬ್ಬರು ‘ಕನ್ನಡಿಯ ಹಾಗೆ ಚಿತ್ರ’ ಎಂದು 5 ನಕ್ಷತ್ರ ಕೊಟ್ಟಿದ್ದಾರೆ. ಅದರ ಕೆಳಗೇ ಇನ್ನೊಬ್ಬರು ‘ಬರೀ ಚಕ್ರ ಸುತ್ತುತ್ತೆ, ದುಡ್ಡು ದಂಡ’ ಎಂದು 1 ಕೊಟ್ಟಿದ್ದಾರೆ. ಬೆಂಗಳೂರಿನ ಜಯನಗರದಲ್ಲಿರುವ ಅಣ್ಣನನ್ನು ಕೇಳಿದರೆ, ‘ಕಣ್ಣು ಮುಚ್ಕೊಂಡು ತಗೊಳೋ’ ಅಂದರಂತೆ. ‘ಇವರಲ್ಲಿ ಸುಳ್ಳು ಹೇಳ್ತಿರೋರು ಯಾರು ಸರ್?’

ಕೂಲಿಗೆ ನಕ್ಷತ್ರ ಹಚ್ಚುವವರನ್ನು ಬಿಟ್ಟರೆ, ಯಾರೂ ಅಲ್ಲ. ಅವರು ನೋಡಿದ್ದು ಒಂದೇ ವಿಡಿಯೊ ಅಲ್ಲ, ಅಷ್ಟೆ.

ಒಂದು ಸಿನಿಮಾ ಓಟಿಟಿಯ ಸರ್ವರಿನಲ್ಲಿ ಒಂದೇ ಕಡತವಾಗಿ ಕೂತಿರುವುದಿಲ್ಲ. ಅದನ್ನು ಕೆಲವೇ ಸೆಕೆಂಡುಗಳ ತುಂಡುಗಳನ್ನಾಗಿ ಕತ್ತರಿಸಿ, ಪ್ರತಿ ತುಂಡಿಗೂ ಬೇರೆ ಬೇರೆ ದಪ್ಪದ ಹಲವು ನಕಲುಗಳನ್ನು ಮಾಡಿ ಇಟ್ಟಿರುತ್ತಾರೆ. ಈ ವೃತ್ತಿಯವರು ಅದನ್ನು ‘ಏಣಿ’ ಎನ್ನುತ್ತಾರೆ. 2015ರ ಕೊನೆಯವರೆಗೆ ನೆಟ್‌ಫ್ಲಿಕ್ಸ್ ಎಲ್ಲ ಸಿನಿಮಾಗಳಿಗೂ ಬಳಸುತ್ತಿದ್ದ ಏಣಿಯ ಕೆಳಗಿನ ಮೆಟ್ಟಿಲು ಸೆಕೆಂಡಿಗೆ 235 ಕಿಲೊಬಿಟ್‌ನದು, ಮೇಲಿನದು 5,800ರದು. ಎರಡಕ್ಕೂ ಸುಮಾರು 25 ಪಟ್ಟು ಅಂತರ. ಮೇಲಿನ ಮೆಟ್ಟಿಲಿನಲ್ಲಿ ನಾಯಕಿಯ ಮೂಗುತಿಯ ಹರಳು ಹೊಳೆಯುತ್ತದೆ, ಕೆಳಗಿನದರಲ್ಲಿ ಮೂಗು ಎಲ್ಲಿದೆ ಎಂದು ಅಂದಾಜು ಮಾಡಬೇಕು. ಮುಂದಿನ ತುಂಡನ್ನು ಯಾವ ಮೆಟ್ಟಿಲಿನಿಂದ ತರಿಸಬೇಕೆಂದು ಕ್ಷಣಕ್ಷಣಕ್ಕೂ ತೀರ್ಮಾನಿಸುವುದು ನಿಮ್ಮ ಟೀವಿಯೊಳಗಿನ ಪುಟ್ಟ ತಂತ್ರಾಂಶ. ಜಯನಗರದ ಅಣ್ಣ, ತೀರ್ಥಹಳ್ಳಿಯ ತಮ್ಮ ಇಬ್ಬರೂ ಒಂದೇ ಗಳಿಗೆಯಲ್ಲಿ ಒಂದೇ ಸಿನಿಮಾದ ಗುಂಡಿ ಒತ್ತಿದರೂ ಇಬ್ಬರ ಮನೆಗೂ ಬರುವ ಸರಕು ಬೇರೆ.

ಆ ತಂತ್ರಾಂಶದ ಕೆಲಸ ನನಗೆ ಪೂರ್ತಿ ಅರ್ಥವಾಗಿದ್ದು ನಮ್ಮ ಮನೆಯ ತಾರಸಿಯ ಮೇಲೆ.

ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ. ಎಷ್ಟು ಹೊತ್ತಿಗೆ ಬರುತ್ತದೆ, ದಾರದಂತೆ ಬರುತ್ತದೋ ಧೋ ಎಂದು ಸುರಿಯುತ್ತದೋ ಎಂಬುದು ನೀರು ಬಿಡುವವರ ಮರ್ಜಿ. ಆದರೂ ಅಡುಗೆಮನೆಯ ನಲ್ಲಿಯಲ್ಲಿ ಧಾರೆ ಸದಾ ಒಂದೇ ಸಮ. ಮಧ್ಯೆ ಟ್ಯಾಂಕು ಇದೆಯಲ್ಲ! ಬಫರ್ ಎಂದರೆ ಈ ಟ್ಯಾಂಕು. ಇಂಟರ್ನೆಟ್ ಎಷ್ಟು ಹೊಯ್ದಾಡಿದರೂ ಸಿನಿಮಾ ಒಂದೇ ವೇಗದಲ್ಲಿ ಓಡಲೆಂದು ಮುಂದಿನ ಒಂದಷ್ಟು ಸೆಕೆಂಡಿನ ಚಿತ್ರವನ್ನು ಟೀವಿ ಮೊದಲೇ ತುಂಬಿಕೊಂಡಿರುತ್ತದೆ. ಚಕ್ರ ಸುತ್ತಲು ಶುರುವಾಯಿತೆಂದರೆ ಟ್ಯಾಂಕು ಖಾಲಿ ಎಂದು ಅರ್ಥ.

ಈಗ ಮನೆಯಲ್ಲಿ ನಡೆಯುವ ಚರ್ಚೆ ಕೇಳಿ. ನನ್ನದು ಹವಾಮಾನ ಇಲಾಖೆಯ ಸ್ವಭಾವ: ‘ಮೊನ್ನೆ ಜೋರಾಗಿ ಬಂತು, ಇವತ್ತೂ ಬರುತ್ತೆ, ಷವರ್ ಬಿಟ್ಟುಕೊಳ್ಳಿ.’ ನಮ್ಮತ್ತೆಗೆ ಇಂಥ ಮುನ್ಸೂಚನೆಗಳಲ್ಲಿ ನಂಬಿಕೆಯಿಲ್ಲ. ಅವರು ಮೆಟ್ಟಿಲು ಹತ್ತಿ ಹೋಗಿ ಬೆರಳ ಗೆಣ್ಣಿನಿಂದ ಟ್ಯಾಂಕಿಗೆ ಮೇಲಿಂದ ಕೆಳಗೆ ತಟ್ಟುತ್ತಾ ಬರುತ್ತಾರೆ. ಟಣ್ ಟಣ್ ಎನ್ನುತ್ತಿದ್ದುದು ದಬ್ ಎಂದಲ್ಲಿ ನೀರಿನ ಮಟ್ಟ. ಅರ್ಧಕ್ಕಿಂತ ಮೇಲಿದ್ದರೆ ಷವರ್, ಕೆಳಗಿದ್ದರೆ ಬಕೆಟ್ಟು ಚೊಂಬು, ತಳ ಕಂಡರೆ ಮುಖ ತೊಳೆದುಕೊಂಡು ಹೊರಡಿ. ನಾಳೆ ಎಷ್ಟು ಬರುತ್ತದೆ ಎಂಬ ಚಿಂತೆಯೇ ಇಲ್ಲ.

ಸ್ಟ್ರೀಮಿಂಗ್ ವಿಜ್ಞಾನದಲ್ಲೂ ಇವೇ ಎರಡು ಪಂಥ. ಮೊದಮೊದಲು ಎಲ್ಲರೂ ನನ್ನ ಪಂಥದವರೇ: ಕಳೆದ ಕೆಲವು ಸೆಕೆಂಡು ಇಂಟರ್ನೆಟ್ ಎಷ್ಟು ವೇಗವಾಗಿತ್ತೆಂದು ನೋಡಿ ಮುಂದಿನದನ್ನು ಊಹಿಸುವುದು. ಸ್ಟ್ಯಾನ್‌ಫರ್ಡ್‌ನ ಟೆ-ಯುವಾನ್ ಹುವಾಂಗ್ ಮತ್ತು ಸಂಗಡಿಗರು ನೆಟ್‌ಫ್ಲಿಕ್ಸ್ ಜೊತೆ ಸೇರಿ 2014ರಲ್ಲಿ ಪ್ರಕಟಿಸಿದ ಪ್ರಬಂಧ ನಮ್ಮತ್ತೆಯ ಪಂಥದ್ದು. ಕೊಳಾಯಿಯನ್ನು ಮರೆತುಬಿಡಿ, ಟ್ಯಾಂಕಿನ ಮಟ್ಟ ನೋಡಿ ಮೆಟ್ಟಿಲು ಆರಿಸಿ ಎಂದರು ಅವರು. ನಿಜವಾದ ವೀಕ್ಷಕರ ಮೇಲೆಯೇ ಪ್ರಯೋಗಿಸಿ ನೋಡಿದಾಗ, ನೆಟ್‌ಫ್ಲಿಕ್ಸ್ ಅಂದು ಬಳಸುತ್ತಿದ್ದ ವಿಧಾನಕ್ಕಿಂತ ಚಕ್ರ ಸುತ್ತುವುದು ಶೇಕಡಾ 10ರಿಂದ 20ರಷ್ಟು ಇಳಿಯಿತು. ಟ್ಯಾಂಕು ಇನ್ನೂ ಖಾಲಿಯಿರುವ ಸಿನಿಮಾದ ಆರಂಭದಲ್ಲಿ ಮಾತ್ರ ಕೊಳಾಯಿಯ ಕಡೆ ನೋಡದೆ ವಿಧಿಯಿಲ್ಲ ಎಂಬುದನ್ನೂ ಅವರು ಒಪ್ಪಿಕೊಂಡರು.

ಆಮೇಲೆ ಬಂತು ಕೃತಕ ಬುದ್ಧಿಮತ್ತೆಯ ಅಬ್ಬರ. ಯಂತ್ರಕ್ಕೆ ಕಲಿಸಿದರೆ ಅದು ಊಹೆಯಲ್ಲಿ ಎಲ್ಲರನ್ನೂ ಮೀರಿಸುತ್ತದೆ ಎಂಬ ಪ್ರಬಂಧಗಳು ಸಾಲುಗಟ್ಟಿದವು. ಸ್ಟ್ಯಾನ್‌ಫರ್ಡ್‌ನವರು ಇದನ್ನು ಪರೀಕ್ಷಿಸಲು ಮಾಡಿದ ಉಪಾಯ ನನಗೆ ಬಹಳ ಇಷ್ಟ. ‘ಪಫರ್’ ಎಂಬ ಹೆಸರಿನಲ್ಲಿ ತಾವೇ ಒಂದು ಪುಕ್ಕಟೆ ಇಂಟರ್ನೆಟ್ ಟೀವಿ ಶುರು ಮಾಡಿದರು. ಅಮೆರಿಕದ ಟೀವಿ ವಾಹಿನಿಗಳನ್ನು ಆಂಟೆನಾದಿಂದ ಹಿಡಿದು ಆಸಕ್ತರಿಗೆ ಹಂಚುವುದು, ಪ್ರತಿ ವೀಕ್ಷಕನಿಗೂ ಚೀಟಿ ಎತ್ತಿದ ಹಾಗೆ ಯಾವುದೋ ಒಂದು ವಿಧಾನವನ್ನು ಗೊತ್ತಾಗದಂತೆ ಕೊಡುವುದು. ಹೊಸ ಔಷಧಿಯನ್ನು ಪರೀಕ್ಷಿಸುವ ಕ್ರಮವೇ ಇದು. 2020ರ ಪ್ರಬಂಧದ ಹೊತ್ತಿಗೆ 63,508 ಬಳಕೆದಾರರಿಗೆ ಒಟ್ಟು 38.6 ವರ್ಷಗಳಷ್ಟು ವಿಡಿಯೊ ಹಂಚಿದ್ದರು. ಪ್ರಯೋಗಾಲಯದಲ್ಲಿ ಮೆರೆದ ಚತುರ ವಿಧಾನಗಳಿಗೆ ನಿಜವಾದ ಇಂಟರ್ನೆಟ್ಟಿನಲ್ಲಿ ಟ್ಯಾಂಕು ತಟ್ಟುವ ಸರಳ ವಿಧಾನವನ್ನು ಸೋಲಿಸುವುದು ಬಲು ಕಷ್ಟವಾಯಿತು. ಅಲ್ಲಿನ ವೀಕ್ಷಕರ ದತ್ತಾಂಶದಿಂದಲೇ ಕಲಿತು ಬೆಳೆದ ಅವರ ಸ್ವಂತ ವಿಧಾನವೊಂದು ಮುಂದೆ ಬಂತು ಎನ್ನುವುದನ್ನೂ ಹೇಳಬೇಕು, ಇಲ್ಲದಿದ್ದರೆ ನಮ್ಮತ್ತೆಯ ಪಕ್ಷಪಾತಿ ಎನ್ನುತ್ತೀರಿ. ‘ಎಐ ಬಲದ ಸ್ಟ್ರೀಮಿಂಗ್’ ಎಂದು ಜಾಹೀರಾತಿನಲ್ಲಿ ಕಂಡಾಗೆಲ್ಲ ನನಗೆ ಆ ಟಣ್ ಟಣ್ ಕೇಳಿಸುತ್ತದೆ.

ಆ ಪ್ರಬಂಧದಲ್ಲಿ ವಿಮರ್ಶೆ ಬರೆಯುವವರು ಓದಲೇಬೇಕಾದ ಮಾತೊಂದಿದೆ. ಚಕ್ರ ಸುತ್ತುವುದು ಎಷ್ಟು ಅಪರೂಪ ಮತ್ತು ಎಷ್ಟು ಅಡ್ಡಾದಿಡ್ಡಿ ಎಂದರೆ, ಒಂದೊಂದು ವಿಧಾನಕ್ಕೂ ಒಂದು ಇಡೀ ವರ್ಷದಷ್ಟು ವಿಡಿಯೊದ ಅನುಭವ ಇದ್ದರೂ ಶೇಕಡಾ 20ರ ಸುಧಾರಣೆಯನ್ನು ಖಚಿತವಾಗಿ ಗುರುತಿಸಲಾಗದು. ಎಂಟು ಸಾವಿರಕ್ಕೂ ಹೆಚ್ಚು ಗಂಟೆ! ‘ಅಪ್‌ಡೇಟ್ ಆದ ಮೇಲೆ ಈ ವಾರ ಪರವಾಗಿಲ್ಲ’ ಎನ್ನುವವರ ಕೈಯಲ್ಲಿರುವುದು ಎರಡು ಸಿನಿಮಾ, ಅರ್ಧ ಕ್ರಿಕೆಟ್ ಪಂದ್ಯ.

ಕ್ರಿಕೆಟ್ಟಿನ ಮಾತು ಬಂತು. ಟ್ಯಾಂಕು ದೊಡ್ಡದಾದಷ್ಟೂ ನೀರು ಹಳೆಯದು. ಸಿನಿಮಾಕ್ಕೆ ಅಡ್ಡಿಯಿಲ್ಲ, ನೇರಪ್ರಸಾರಕ್ಕೆ ಅದೇ ಶಾಪ. ಐಫೋನಿನವರು 2009ರಲ್ಲಿ ತಂದ ಪದ್ಧತಿಯಲ್ಲಿ ಒಂದು ತುಂಡು 10 ಸೆಕೆಂಡಿನದು ಇರಲಿ ಎಂಬ ಸಲಹೆಯಿತ್ತು, ಮುಂದೆ ಅದನ್ನು 6ಕ್ಕೆ ಇಳಿಸಿದರು. ಎರಡು ಮೂರು ತುಂಡು ತುಂಬಿಕೊಂಡೇ ಆಟ ತೋರಿಸುವ ಫೋನು ಮೈದಾನಕ್ಕಿಂತ ಅಷ್ಟು ಹಿಂದೆಯೇ ಇರುತ್ತದೆ. 2025ರ ಜೂನ್ 3ರಂದು, ಐಪಿಎಲ್ ಫೈನಲ್, ಆರ್‌ಸಿಬಿಯ ಹದಿನೆಂಟು ಆವೃತ್ತಿಗಳ ಕಾಯುವಿಕೆಯ ಕೊನೆಯ ಓವರು. ನನ್ನ ಫೋನಿನಲ್ಲಿ ಹೇಜಲ್‌ವುಡ್ ಇನ್ನೂ ಓಡಿ ಬರುತ್ತಿದ್ದಾಗಲೇ ಕೆಳಗಿನ ಮನೆಯ ಕೇಬಲ್ ಟೀವಿಯವರು ಪಟಾಕಿ ಹಚ್ಚಿಬಿಟ್ಟರು. ಅವತ್ತು ನನ್ನನ್ನು ಯಾರಾದರೂ ನಕ್ಷತ್ರ ಕೇಳಿದ್ದರೆ ಒಂದನ್ನೂ ಕೊಡುತ್ತಿರಲಿಲ್ಲ. ಚಿತ್ರವೇನೋ ಕನ್ನಡಿಯ ಹಾಗೇ ಇತ್ತು.

ಅಂದರೆ ನಕ್ಷತ್ರ ಕೊಡುವುದು ಕಣ್ಣಲ್ಲ, ನಿರೀಕ್ಷೆ. ಇದಕ್ಕೂ ಲೆಕ್ಕ ಇದೆ. ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ರಮೇಶ್ ಸೀತಾರಾಮನ್ ಮತ್ತು ಅಕಮೈ ಸಂಸ್ಥೆಯ ಎಸ್. ಷಣ್ಮುಗ ಕೃಷ್ಣನ್ 2012ರಲ್ಲಿ 67 ಲಕ್ಷ ವೀಕ್ಷಕರ 2.3 ಕೋಟಿ ವೀಕ್ಷಣೆಗಳನ್ನು ಜಾಲಾಡಿದರು. ವಿಡಿಯೊ ಶುರುವಾಗಲು 2 ಸೆಕೆಂಡಿನವರೆಗೆ ಜನ ಕಾಯುತ್ತಾರೆ. ಆಮೇಲೆ ಪ್ರತಿ ಸೆಕೆಂಡಿಗೂ ಎದ್ದು ಹೋಗುವವರು ಸುಮಾರು ಶೇಕಡಾ 5.8ರಷ್ಟು ಹೆಚ್ಚುತ್ತಾರೆ. ಯಾರಿಗೆ ತಾಳ್ಮೆ ಕಡಿಮೆ ಗೊತ್ತೆ? ಫೈಬರ್ ಇದ್ದವರಿಗೆ. ಮೊಬೈಲ್ ಜಾಲದವರು ಅಷ್ಟೇ ಹೊತ್ತನ್ನು ಹೆಚ್ಚು ಸಹನೆಯಿಂದ ಕಾಯುತ್ತಾರೆ. ಬಸ್ಸು ಗಂಟೆಗೊಂದು ಬರುವ ಊರಿನವನು ಹತ್ತು ನಿಮಿಷ ತಡವಾದರೆ ಎಲೆಯಡಿಕೆ ಹಾಕಿಕೊಳ್ಳುತ್ತಾನೆ, ಮೆಟ್ರೊದವನು ನಾಲ್ಕು ನಿಮಿಷಕ್ಕೇ ಗಡಿಯಾರ ನೋಡುತ್ತಾನೆ.

ಇಂಥ ಗೊಂದಲವೇ ಬೇಡವೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1974ರಲ್ಲೇ ಟೀವಿ ಚಿತ್ರಕ್ಕೆ ಅಂಕ ಕೊಡುವ ಕಟ್ಟಳೆ ಮಾಡಿತು. ಅತ್ಯುತ್ತಮ 5, ಚೆನ್ನಾಗಿದೆ 4, ಸುಮಾರು 3, ಕಳಪೆ 2, ಕೆಟ್ಟದು 1. ನಮ್ಮ ಐದು ನಕ್ಷತ್ರಗಳಂತೆಯೇ ಕಾಣುವ ಈ ಮಾಪಕದ ಹಿಂದಿನ ಮಡಿ ನೋಡಿ: ಕನಿಷ್ಠ 15 ಜನ, ಎಲ್ಲರ ದೃಷ್ಟಿ ಮತ್ತು ಬಣ್ಣ ಗುರುತಿಸುವ ಶಕ್ತಿಯ ಪರೀಕ್ಷೆ, ಕೋಣೆಯ ಬೆಳಕು ಇಷ್ಟೇ, ಪರದೆಯಿಂದ ದೂರ ಇಷ್ಟೇ, ಒಂದು ಸಲಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಕೂರಿಸುವಂತಿಲ್ಲ. ನೆಟ್‌ಫ್ಲಿಕ್ಸ್ 2016ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ‘ವಿಮ್ಯಾಫ್’ ಎಂಬ ಸೂತ್ರ ಇಂಥವರ ಅಭಿಪ್ರಾಯದಿಂದ ಕಲಿತು, ಮನುಷ್ಯರ ಹಂಗಿಲ್ಲದೆ ಚಿತ್ರಕ್ಕೆ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ. ಚಿತ್ರ ಮಸುಕಾದುದು ಅದಕ್ಕೆ ತಿಳಿಯುತ್ತದೆ, ನಿಂತುಹೋದದ್ದು ತಿಳಿಯುವುದಿಲ್ಲ.

ಮನೆಯಲ್ಲಿ ಕೂತು ನಕ್ಷತ್ರ ಒತ್ತುವವರಿಗೆ ಈ ಯಾವ ಮಡಿಯೂ ಇಲ್ಲ. ಸಾಲದ್ದಕ್ಕೆ, ಸಿನಿಮಾ ಸುಸೂತ್ರವಾಗಿ ಮುಗಿದವರು ಟೀವಿ ಆರಿಸಿ ಮಲಗುತ್ತಾರೆ. ಬರೆಯಲು ಕೂರುವವರು ಸಿಟ್ಟು ಬಂದವರು ಅಥವಾ ಮೈಮರೆತವರು. ಹಾಗಾಗಿಯೇ 5 ಮತ್ತು 1ರಲ್ಲಿ ಜನಜಂಗುಳಿ, 3ರಲ್ಲಿ ಬಣಬಣ. ಮೊದಲು ಬರೆದವರ ಗಾಳಿ ಹಿಂದೆ ಬರುವವರಿಗೂ ಬಡಿಯುತ್ತದೆ. ಲೆವ್ ಮುಚ್ನಿಕ್, ಸಿನಾನ್ ಅರಾಲ್, ಷಾನ್ ಟೇಲರ್ 2013ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಬರಹಗಳಲ್ಲಿ ಕೆಲವಕ್ಕೆ ತಾವೇ ಒಂದು ಹುಸಿ ಮೆಚ್ಚುಗೆ, ಇನ್ನು ಕೆಲವಕ್ಕೆ ಒಂದು ಹುಸಿ ತೆಗಳಿಕೆ ಅಂಟಿಸಿ ಕಾದು ಕೂತರು. ಆ ಒಂದೇ ಮೆಚ್ಚುಗೆಯಿಂದ ಕೊನೆಯ ಅಂಕ ಸರಾಸರಿ ಶೇಕಡಾ 25 ಏರಿತು. ಹುಸಿ ತೆಗಳಿಕೆ ಮಾತ್ರ ನಿಲ್ಲಲಿಲ್ಲ, ಹಿಂದೆ ಬಂದವರು ಸರಿಮಾಡಿಬಿಟ್ಟರು.

ಸರಾಸರಿಯನ್ನಾದರೂ ಎಚ್ಚರದಿಂದ ಓದಬಹುದು. ಒಂದು ಆ್ಯಪ್‌ಗೆ ನಾಲ್ಕೇ ಜನ, ನಾಲ್ವರೂ 5 ಕೊಟ್ಟಿದ್ದಾರೆ. ಇನ್ನೊಂದಕ್ಕೆ 400 ಜನರ ಸರಾಸರಿ 4.2. ಸಿನಿಮಾಗಳ ಮೇಲ್ಪಟ್ಟಿ ಮಾಡಲು ಐಎಂಡಿಬಿ ಬಳಸುತ್ತಿದ್ದ ಉಪಾಯ ಇಲ್ಲಿ ಸಲ್ಲುತ್ತದೆ: ಪ್ರತಿಯೊಂದರ ಪಾತ್ರೆಗೂ ಮೊದಲೇ ಒಂದಷ್ಟು ‘ಸಾಧಾರಣ’ ಮತಗಳನ್ನು ಸುರಿದುಬಿಡುವುದು. 3.5ರ 50 ಮತ ಸುರಿಯೋಣ. ಮೊದಲನೆಯದು 195 ಭಾಗಿಸು 54, ಅಂದರೆ 3.6ಕ್ಕೆ ಕುಸಿಯಿತು. ಎರಡನೆಯದು 1,855 ಭಾಗಿಸು 450, 4.1ರಲ್ಲಿ ಗಟ್ಟಿಯಾಗಿ ನಿಂತಿತು. ನೆಂಟರಿಷ್ಟರ ನಾಲ್ಕು ಮತ ಅಲ್ಲಾಡುವುದು ಹೀಗೆ.

ಓದುಗರಿಗೆ ನಾನು ಹೇಳಿದ್ದು ಇಷ್ಟು. ಒಂದು ತಿಂಗಳ ಚಂದಾ ಮಾತ್ರ ಕಟ್ಟಿ. ಅಮ್ಮನ ಟೀವಿಯಲ್ಲೇ, ಅವರು ನೋಡುವ ರಾತ್ರಿ ಎಂಟರ ಹೊತ್ತಿನಲ್ಲೇ ನೋಡಿ. ಎಷ್ಟು ಸಲ ನಿಂತಿತು, ಒಟ್ಟು ಎಷ್ಟು ಸೆಕೆಂಡು ಎಂದು ಕ್ಯಾಲೆಂಡರಿನ ಹಿಂದೆ ಗುರುತು ಹಾಕಿ. ಅಣ್ಣನ ಮಾತು ಜಯನಗರದ ಕೊಳಾಯಿಯ ಮಾತು. ಟ್ಯಾಂಕು ಕಣ್ಣಾರೆ ಕಾಣಬೇಕೆಂದರೆ ಯೂಟ್ಯೂಬಿನಲ್ಲಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ಎಂಬ ಆಯ್ಕೆ ಒತ್ತಿ. ‘ಬಫರ್ ಹೆಲ್ತ್’ ಎಂದು ಸೆಕೆಂಡುಗಳಲ್ಲಿ ಏರಿಳಿಯುವುದೇ ನಿಮ್ಮ ಟ್ಯಾಂಕಿನ ಮಟ್ಟ.

ತಜ್ಞರು ಎಲ್ಲವನ್ನೂ ಒಟ್ಟು ಮಾಡಿ ಒಂದೇ ಅಂಕವಾಗಿಸುವಾಗ ಚಿತ್ರದ ಸ್ಪಷ್ಟತೆಯಿಂದ, ನಿಂತ ಪ್ರತಿ ಸೆಕೆಂಡಿಗೂ ಇಷ್ಟು ದಂಡ ಎಂದು ಕಳೆಯುತ್ತಾರೆ. ದಂಡ ಎಷ್ಟಿರಬೇಕೆಂಬುದರಲ್ಲಿ ಅವರವರ ಪ್ರಬಂಧಕ್ಕೆ ಅವರವರ ಲೆಕ್ಕ. ತಿಂಗಳಾದ ಮೇಲೆ ಓದುಗರ ಫೋನು ಬಂತು. ಒಂದು ಆ್ಯಪ್‌ನಲ್ಲಿ ಚಿತ್ರ ಚೊಕ್ಕಟ, ಆದರೆ ಎರಡೂವರೆ ಗಂಟೆಯಲ್ಲಿ ಐದಾರು ಸಲ ನಿಲ್ಲುತ್ತದೆ. ಇನ್ನೊಂದು ಆಗಾಗ ಮಸುಕಾಗುತ್ತದೆ, ನಿಲ್ಲುವುದಿಲ್ಲ. ಅಣ್ಣ ಫೋನಿನಲ್ಲೇ ಮೊದಲನೆಯದು ಎಂದರು. ಅಮ್ಮ ಒಪ್ಪಲಿಲ್ಲವಂತೆ: ‘ಹಾಡಿನ ಮಧ್ಯ ನಿಲ್ಲಿಸ್ಬಾರ್ದು ಮಾರಾಯ. ರಾಜ್‌ಕುಮಾರ್ ಮುಖ ಮಸುಕಾದ್ರೆ ಏನಾಯ್ತು, ನಂಗೆ ಗೊತ್ತಿಲ್ದೇ ಇರೋ ಮುಖವಾ ಅದು?’

ಎರಡನೆಯದಕ್ಕೇ ದುಡ್ಡು ಕಟ್ಟಿದ್ದಾರೆ. ವರ್ಷಕ್ಕಲ್ಲ, ಮೂರು ತಿಂಗಳಿಗೆ. ಆಮೇಲೆ ಮಳೆಗಾಲ, ಅಲ್ಲಿ ಕರೆಂಟು ಇದ್ದರೆ ತಾನೆ.