ಸ್ನಾಯುಗಳ ಸವಕಳಿ

ಕಾಮರ್ಸ್ ಓದುವ ಹುಡುಗನಿಗೆ ಸ್ನಾಯುಗಳ ಉಸಾಬರಿ ಯಾಕೆ ಎಂದು ಸಂಘದ ಮಿತ್ರರು ನಗಬಹುದು. ನಗಲಿ. ಕಳೆದ ಮಳೆಗಾಲದಲ್ಲಿ ಮುಲುಂಡಿನ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯಿಂದಾಗಿ ನಾನು ಈ ವಿಷಯದ ಬೆನ್ನು ಹತ್ತಿದೆ. ತಿಳಿದುಕೊಂಡದ್ದನ್ನು ನಮ್ಮ ಭಾಷೆಯಲ್ಲೇ ನಿಮಗೂ ಹೇಳಿಬಿಡೋಣ ಎಂದು ಈ ಲೇಖನ.

ನನ್ನ ಅಜ್ಜಿ ಬ್ರಹ್ಮಾವರದ ಕಡೆಯವರು. ಪ್ರಾಯ ಎಪ್ಪತ್ತನಾಲ್ಕು. ಲಿಫ್ಟ್ ಇಲ್ಲದ ನಮ್ಮ ಕಟ್ಟಡದ ಮೂರನೆಯ ಮಾಳಿಗೆಯಿಂದ ದಿನಾ ಇಳಿದುಹೋಗಿ, ತನಗೆ ಬಂದಷ್ಟು ಮರಾಠಿಯಲ್ಲಿ ಚೌಕಾಶಿ ಮಾಡಿ ತರಕಾರಿ ತರುತ್ತಿದ್ದರು. ಜುಲೈಯಲ್ಲಿ ಜ್ವರ ಬಂದು ಹನ್ನೆರಡು ದಿನ ಮಲಗಿದರು. ಜ್ವರ ಬಿಟ್ಟಿತು, ಆದರೆ ಕುರ್ಚಿಯಿಂದ ಏಳಬೇಕಾದರೆ ಯಾರಾದರೂ ಕೈ ಹಿಡಿಯಬೇಕು ಎಂಬ ಸ್ಥಿತಿ. ಮೆಟ್ಟಿಲಿನ ಮಾತು ದೂರವೇ ಉಳಿಯಿತು. "ಪ್ರಾಯ ಆಯ್ತಲ್ಲ" ಎಂದರು ಎಲ್ಲರೂ. ನಾನಂತೂ "ನೀವು ಕೂತ್ಕೊಳ್ಳಿ ಅಜ್ಜೀ" ಎಂದು ನೀರಿನ ಲೋಟವನ್ನೂ ಕೈಗೇ ಕೊಡುತ್ತಿದ್ದೆ. ಕೊನೆಗೆ ಮನೆಗೆ ಬಂದ ಫಿಸಿಯೋಥೆರಪಿಸ್ಟ್ ಒಬ್ಬರು ನೋಡಿ, "ಹನ್ನೆರಡು ದಿನದಲ್ಲಿ ಯಾರಿಗೂ ಹತ್ತು ವರ್ಷ ಪ್ರಾಯ ಆಗೋದಿಲ್ಲ. ಇದು ಮಲಗಿದ್ದರ ಫಲ. ಈಗ ನೀವು ಕೂರಿಸಿಯೇ ಇಟ್ಟಿದ್ದೀರಿ" ಎಂದರು. ಆ ಮಾತು ನನಗೆ ನಾಟಿತು.

ಅಕೌಂಟ್ಸಿನಲ್ಲಿ ಡಿಪ್ರಿಸಿಯೇಷನ್ ಕಲಿಯುತ್ತೇವಲ್ಲ, ಕನ್ನಡ ಪುಸ್ತಕಗಳಲ್ಲಿ ಅದಕ್ಕೆ ಸವಕಳಿ ಎನ್ನುತ್ತಾರೆ. ಯಂತ್ರ ಬಳಸಿದಷ್ಟೂ ಸವೆಯುತ್ತದೆ. ಸ್ನಾಯುವಿನ ಲೆಕ್ಕ ತಲೆಕೆಳಗು. ಅದು ಬಳಸದೇ ಇದ್ದರೆ ಸವೆಯುತ್ತದೆ. ವಯಸ್ಸಿನಿಂದ ಆಗುವ ಸವಕಳಿ ಬೇರೆ ಉಂಟು. ನಾವು ಮಾಡುವ ತಪ್ಪೆಂದರೆ ಎರಡನ್ನೂ ಒಂದೇ ಖಾತೆಗೆ, ಅಂದರೆ "ವಯಸ್ಸು" ಎಂಬ ಖಾತೆಗೆ, ಬರೆದುಬಿಡುವುದು.

ಮೊದಲು ವಯಸ್ಸಿನ ಪಾಲನ್ನು ನೋಡೋಣ. ಎಲುಬಿಗೆ ಅಂಟಿಕೊಂಡು ನಮ್ಮ ಇಚ್ಛೆಯಂತೆ ಕೆಲಸ ಮಾಡುವ ಸ್ನಾಯುಗಳಿಗೆ ಅಸ್ಥಿಸ್ನಾಯು ಎಂದು ಹೆಸರು. ಪ್ರತಿಯೊಂದೂ ಸಾವಿರಾರು ಎಳೆಗಳ ಕಟ್ಟು. ಎಳೆಗಳಲ್ಲಿ ಮುಖ್ಯವಾಗಿ ಎರಡು ಬಗೆ: ದಣಿಯದೆ ನಿಧಾನವಾಗಿ ದುಡಿಯುವವು, ಮತ್ತು ಬೇಗ ದಣಿದರೂ ಥಟ್ಟನೆ ಬಲ ಕೊಡುವವು. ಬೆನ್ನುಹುರಿಯ ನರಕೋಶಗಳು ಇವಕ್ಕೆ ಅಪ್ಪಣೆ ಕೊಡುತ್ತವೆ. ವಯಸ್ಸಾದಂತೆ ಈ ನರಕೋಶಗಳಲ್ಲಿ ಕೆಲವು ಸಾಯುತ್ತವೆ. ಆಗ ದಿಕ್ಕಿಲ್ಲದಂತಾದ ಎಳೆಗಳನ್ನು ಪಕ್ಕದ ನರಗಳು ಕೆಲಮಟ್ಟಿಗೆ ದತ್ತು ತೆಗೆದುಕೊಳ್ಳುತ್ತವೆ, ಉಳಿದವು ಬತ್ತಿಹೋಗುತ್ತವೆ. ಹೆಚ್ಚು ಪೆಟ್ಟು ಬೀಳುವುದು ವೇಗದ ಎಳೆಗಳಿಗೆ. ಮಳೆಗಾಲದಲ್ಲಿ ಒದ್ದೆ ಪ್ಲಾಟ್‌ಫಾರ್ಮಿನಲ್ಲಿ ಕಾಲು ಜಾರಿದರೆ ನಾವು ಸಾವರಿಸಿಕೊಳ್ಳುತ್ತೇವೆ, ಅಜ್ಜ ಅಜ್ಜಿಯರು ಬಿದ್ದೇಬಿಡುತ್ತಾರೆ. ಅದಕ್ಕೆ ಇದೂ ಒಂದು ಕಾರಣ. ವಯಸ್ಸಿನೊಂದಿಗೆ ಹೀಗೆ ಸ್ನಾಯು ಕ್ಷೀಣಿಸುವುದಕ್ಕೆ 1989ರಲ್ಲಿ ಅಮೆರಿಕದ ಇರ್ವಿನ್ ರೋಸನ್‌ಬರ್ಗ್ 'ಸಾರ್ಕೋಪೀನಿಯಾ' ಎಂಬ ಹೆಸರಿಟ್ಟರು.

ಇನ್ನು ಬಳಸದಿರುವ ಪಾಲು. 2007ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪ್ರಯೋಗದಲ್ಲಿ, ಸರಾಸರಿ 67 ವರ್ಷದ ಆರೋಗ್ಯವಂತರನ್ನೇ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿದರು. ಕಾಲುಗಳಲ್ಲೇ ಸುಮಾರು ಒಂದು ಕಿಲೋ ಮಾಂಸಖಂಡ ಕರಗಿತ್ತು! ಅವರಿಗೆ ರೋಗ ಏನೂ ಇರಲಿಲ್ಲ. ನನ್ನ ಅಜ್ಜಿಗೆ ಮೇಲಿಂದ ಜ್ವರ ಬೇರೆ.

ಸಂತೋಷದ ವಿಷಯವೆಂದರೆ ಈ ಎರಡನೆಯ ಖಾತೆಯ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಳ್ಳಬಹುದು. 1990ರಲ್ಲಿ ಬಾಸ್ಟನ್ನಿನ ವೈದ್ಯೆ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಒಂದು ವೃದ್ಧಾಶ್ರಮದ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಅವರ ಸರಾಸರಿ ವಯಸ್ಸು 90! ಕೊನೆಯ ತನಕ ನಿಂತ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಏರಿತು. ಅಂದರೆ 100 ಇದ್ದದ್ದು 274 ಆಯಿತು. ಇಬ್ಬರು ನಡೆಯುವಾಗ ಊರುಗೋಲನ್ನೇ ಬಿಟ್ಟರು. ಆದರೆ ತೊಡೆಯ ಸ್ನಾಯು ದಪ್ಪಗಾದದ್ದು ಶೇಕಡಾ 9 ಮಾತ್ರ. ಲೆಕ್ಕ ತಾಳೆಯಾಗುವುದಿಲ್ಲವಲ್ಲ ಎಂದು ನಾನೂ ತಲೆ ಕೆರೆದುಕೊಂಡೆ. ಮೊದಲ ವಾರಗಳಲ್ಲಿ ಹೆಚ್ಚಿನ ಲಾಭ ನರಗಳದ್ದಂತೆ. ಸುಮ್ಮನೆ ಕೂತಿದ್ದ ಎಳೆಗಳನ್ನು ಮಿದುಳು ಪುನಃ ಕೆಲಸಕ್ಕೆ ಕರೆಯುತ್ತದೆ. ಎಳೆಗಳು ದಪ್ಪವಾಗುವುದು ನಿಧಾನಕ್ಕೆ.

ನಮ್ಮ ನಾಡಿನವರಲ್ಲೂ ಉದಾಹರಣೆ ಉಂಟು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರ್ ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯಗಳಿಂದ ನರಳಿದವರು. ಮೈಸೂರಿನಲ್ಲಿ ಭಾವ ಕೃಷ್ಣಮಾಚಾರ್ಯರಿಂದ ಯೋಗ ಕಲಿತು, 1937ರಲ್ಲಿ ಪುಣೆಗೆ ಬಂದು, ತೊಂಬತ್ತು ದಾಟಿದ ಮೇಲೂ ಅಭ್ಯಾಸ ಬಿಡಲಿಲ್ಲ. 2014ರಲ್ಲಿ 95ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆಗದವರಿಗೆ ಕುರ್ಚಿ, ಹಗ್ಗ, ಪಟ್ಟಿಗಳ ಆಸರೆಯಲ್ಲಿ ಆಸನ ಮಾಡಿಸುವ ಪದ್ಧತಿ ಅವರದು. ನಾವೆಲ್ಲ ಅಯ್ಯಂಗಾರರಾಗಲಾರೆವು, ನಿಜ. ಆದರೆ ಆಸರೆ ಹಿಡಿದಾದರೂ ಮಾಡಬೇಕು ಎಂಬುದು ಅಜ್ಜಿಗೂ ಒಪ್ಪುವ ಮಾತು.

ಅಜ್ಜಿಗೆ ಕೊಟ್ಟ ವ್ಯಾಯಾಮವೂ ಅಂಥದ್ದೇ. ಗೋಡೆಗೆ ತಾಗಿಸಿಟ್ಟ ಕುರ್ಚಿಯಿಂದ ಐದು ಸಲ ಏಳುವುದು, ಕೂರುವುದು. ಮೊದಲು ಕೈ ಊರಿ, ಆಮೇಲೆ ಊರದೆ. ಬರಬರುತ್ತಾ ಹತ್ತು ಸಲ. ಸುಲಭವಾದೊಡನೆ ಸ್ವಲ್ಪ ಕಷ್ಟ ಮಾಡಬೇಕು, ಗುಟ್ಟು ಅದರಲ್ಲೇ ಇರುವುದು. ನಡಿಗೆ ಹೃದಯಕ್ಕೆ ಒಳ್ಳೆಯದು, ಆದರೆ ತೊಡೆಗೆ ಭಾರವೂ ಬೇಕು. 65 ದಾಟಿದವರಿಗೆ ವಾರಕ್ಕೆ 150 ನಿಮಿಷ ಚಟುವಟಿಕೆಯ ಜೊತೆ ಎರಡು ದಿನವಾದರೂ ಬಲದ ವ್ಯಾಯಾಮ, ಮೂರು ದಿನ ಸಮತೋಲನದ ಅಭ್ಯಾಸ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಹೃದ್ರೋಗ, ಮಂಡಿನೋವು ಇದ್ದವರು ಡಾಕ್ಟರರನ್ನು ಕೇಳಿಯೇ ಶುರುಮಾಡಬೇಕು.

ಊಟದ ಮಾತೂ ಉಂಟು. ಗಂಜಿ, ಉಪ್ಪಿನಕಾಯಿಯಿಂದ ಸ್ನಾಯು ಬೆಳೆಯುವುದಿಲ್ಲ. ದೇಹತೂಕದ ಕಿಲೋ ಒಂದಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕೆಂದು ನಮ್ಮ ಐ.ಸಿ.ಎಂ.ಆರ್. 2020ರಲ್ಲಿ ನಿಗದಿ ಮಾಡಿದೆ. ಐವತ್ತು ಕಿಲೋದ ಅಜ್ಜಿಗೆ ಅದು ಸುಮಾರು 42 ಗ್ರಾಂ. ಮೂತ್ರಪಿಂಡದ ತೊಂದರೆ ಇಲ್ಲದ ವೃದ್ಧರಿಗೆ ಇನ್ನೂ ತುಸು ಹೆಚ್ಚೇ ಬೇಕು ಎನ್ನುವ ತಜ್ಞರಿದ್ದಾರೆ. ಈಗ ಅಜ್ಜಿಯ ಗಂಜಿಯ ಜೊತೆ ಹೆಸರುಕಾಳೋ, ಮೊಸರೋ, ಬಂಗುಡೆಯೋ ಇದ್ದೇ ಇರುತ್ತದೆ.

ಮೂರು ತಿಂಗಳಾದ ಮೇಲೆ, ದೀಪಾವಳಿಯ ಹೊತ್ತಿಗೆ, ಅಜ್ಜಿ ಕಟಾಂಜನ ಹಿಡಿದು ಕೆಳಗಿಳಿದರು. ಹತ್ತುವಾಗ ಎರಡನೆಯ ಮಾಳಿಗೆಯಲ್ಲಿ ನಿಂತು ಸುಧಾರಿಸಿಕೊಳ್ಳಬೇಕಾಯಿತು. ಮೊದಲಿನಷ್ಟು ಆಗಿಲ್ಲ, ಆಗುವುದೂ ಇಲ್ಲವೇನೋ. ಅದು ವಯಸ್ಸಿನ ಖಾತೆ. ನಾನು ಚೀಲ ತೆಗೆದುಕೊಳ್ಳಲು ಕೈ ಚಾಚಿದರೆ, "ಕೊತ್ತಂಬರಿ ಕಟ್ಟು ಮಾರಾಯ, ನಾನೇ ಹಿಡ್ಕೊಳ್ತೇನೆ" ಎಂದರು.

ಮಿತ್ರರೇ, ಇವತ್ತು ಮನೆಗೆ ಹೋದ ಮೇಲೆ ಒಂದು ಗಮನಿಸಿ: ನಿಮ್ಮ ಹಿರಿಯರು ಕುರ್ಚಿಯಿಂದ ಏಳುವಾಗ ಕೈ ಊರುತ್ತಾರೆಯೇ? ಊರುತ್ತಿದ್ದರೆ "ಕೂತ್ಕೊಳ್ಳಿ" ಎನ್ನುವ ಬದಲು ಪಕ್ಕದಲ್ಲಿ ನಿಂತು, "ಇನ್ನೊಂದು ಸಲ ಏಳಿ" ಎನ್ನಿ.