ಸಂಜೆ ಮೇವು, ಹಗಲು ಕರು

ಡೇರಿಗೆ ಹಾಲು ಹಾಕುವವನಿಗೆ ವಾರಕ್ಕೋ ಹದಿನೈದು ದಿನಕ್ಕೋ ಬಟವಾಡೆ ಇದ್ದೇ ಇರುತ್ತದೆ. ಮಾಂಸದ ತಳಿಯ ಹಸು ಸಾಕಿ ಕರು ಮಾರುವವನಿಗೆ ಆ ಭಾಗ್ಯವಿಲ್ಲ. ಅವನಿಗೆ ವರ್ಷಕ್ಕೊಂದೇ ಸುಗ್ಗಿ. ಹಸು ಕರು ಹಾಕಬೇಕು, ಆ ಕರು ಉಳಿಯಬೇಕು, ತಾಯಿಯ ಹಾಲು ಕುಡಿದು ಆರೇಳು ತಿಂಗಳು ಬೆಳೆಯಬೇಕು. ಸಂತೆಯಲ್ಲಿ ತೂಕಕ್ಕೆ ನಿಂತಾಗಲೇ ಕಾಸು. ಕರು ಸತ್ತಿತೆಂದು ಹಸು ಹುಲ್ಲು ಕಮ್ಮಿ ತಿನ್ನುವುದಿಲ್ಲ. ಮೂವತ್ತು ಹಸುಗಳ ಹಿಂಡಿನಲ್ಲಿ ಒಂದೇ ಒಂದು ಕರು ಹೋದರೂ ವರ್ಷದ ಹುಟ್ಟುವಳಿಯಲ್ಲಿ ನೂರಕ್ಕೆ ಮೂರು ಪಾಲಿಗಿಂತ ಹೆಚ್ಚು ಹೋಯಿತು. ಸಾವಿರ ದನಗಳ ಧಣಿಗೆ ಅದು ಲೆಕ್ಕಕ್ಕೇ ಸಿಗುವುದಿಲ್ಲ. ಆದರೆ ಸಿನಿಮಾದಲ್ಲಿ ಕಾಣುವ ಆ ಧಣಿಗಳು ನಿಜದಲ್ಲಿ ವಿರಳ. ಅಮೆರಿಕದ 2017ರ ಕೃಷಿ ಗಣತಿಯ ಪ್ರಕಾರ ಅಲ್ಲಿನ ಸರಾಸರಿ ಹಿಂಡು 44 ಹಸುಗಳ ಆಸುಪಾಸು. ಇವರಲ್ಲಿ ಅನೇಕರು ಹಗಲು ಬೇರೆ ನೌಕರಿ ಮಾಡಿಕೊಂಡು ಬೆಳಿಗ್ಗೆ ಸಂಜೆ ದನ ನೋಡಿಕೊಳ್ಳುವವರು.

ಇಂಥವರ ಲಾಭ ನಷ್ಟ ತೀರ್ಮಾನವಾಗುವುದು ಹೆಚ್ಚಾಗಿ ಕರು ಹುಟ್ಟುವ ಆ ಒಂದೆರಡು ಗಂಟೆಯಲ್ಲಿ. ಚಳಿಗಾಲದ ಕೊನೆಯಲ್ಲಿ ಹಸುಗಳು ಈಯತೊಡಗುತ್ತವೆ. ಈಯುವ ಹಸು ಹಿಂಡು ಬಿಟ್ಟು ಬೇಲಿಯ ಮೂಲೆ ಸೇರುತ್ತದೆ, ಬಾಲ ಎತ್ತಿ ಮಲಗುತ್ತದೆ, ಏಳುತ್ತದೆ, ಮತ್ತೆ ಮಲಗುತ್ತದೆ. ನೀರಿನ ಚೀಲ ಕಂಡ ಮೇಲೆ ಎರಡು ಗೊರಸು, ಅವುಗಳ ಮೇಲೆ ಮೂತಿ ಬಂದರೆ ಸರಿ. ಒಂದೇ ಕಾಲು ಬಂದರೆ, ಇಲ್ಲವೇ ಗೊರಸಿನ ಅಡಿ ಆಕಾಶ ನೋಡುತ್ತಿದ್ದರೆ, ಯಾರಾದರೂ ತೋಳೇರಿಸಿ ಕೈ ಹಾಕಲೇಬೇಕು. ಒಂದು ಗಂಟೆ ಮುಕ್ಕಿದರೂ ಕರು ಈಚೆ ಬರದಿದ್ದರೆ ಕಾಯುತ್ತ ಕೂರುವಂತಿಲ್ಲ. ಸುಸೂತ್ರವಾಗಿ ಹುಟ್ಟಿದ ಕರುವಿಗೂ ಕಂಟಕ ಮುಗಿಯಲಿಲ್ಲ. ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಒದ್ದೆ ಮೈಯಿಂದ ಹಬೆಯೇಳುತ್ತದೆ, ಕಿವಿಯ ತುದಿ, ಬಾಲದ ತುದಿ ಮರಗಟ್ಟುತ್ತವೆ. ನೆಕ್ಕಿ ಒಣಗಿಸಲು ತಾಯಿ ತಡಮಾಡಿದರೆ ಕರುವಿಗೆ ಏಳುವ ತ್ರಾಣ ಉಳಿಯುವುದಿಲ್ಲ. ಏಳದಿದ್ದರೆ ಗಿಣ್ಣು ಹಾಲಿಲ್ಲ. ಗಿಣ್ಣಿನಲ್ಲಿರುವ ರೋಗನಿರೋಧಕ ಅಂಶವನ್ನು ಕರುವಿನ ಕರುಳು ಚೆನ್ನಾಗಿ ಹೀರಿಕೊಳ್ಳುವುದು ಮೊದಲ ಕೆಲವೇ ಗಂಟೆ. ಒಂದು ದಿನ ದಾಟಿದರೆ ಆ ಬಾಗಿಲು ಮುಚ್ಚುತ್ತದೆ.

ಇದೆಲ್ಲ ಹಗಲಿನಲ್ಲಾದರೆ ಮನೆಯಲ್ಲಿ ಯಾರೋ ಒಬ್ಬರ ಕಣ್ಣಿಗೆ ಬೀಳುತ್ತದೆ. ರಾತ್ರಿ ಎರಡಕ್ಕಾದರೆ ಮುಗಿಯಿತು. ಚೊಚ್ಚಲ ಕಡಸುಗಳಿದ್ದರಂತೂ ಎರಡು ಮೂರು ಗಂಟೆಗೊಮ್ಮೆ ಎದ್ದು, ಬೂಟು ಮೆಟ್ಟಿ, ಟಾರ್ಚು ಹಿಡಿದು ಹಿಮದಲ್ಲಿ ಒಂದು ಸುತ್ತು ಹಾಕಬೇಕು. ಒಂದು ರಾತ್ರಿಯ ಮಾತಲ್ಲ, ಎರಡು ತಿಂಗಳ ಪಾಡು. ದೊಡ್ಡ ರಾಂಚಿನವನು ರಾತ್ರಿ ಪಾಳಿಗೆ ಆಳಿಡುತ್ತಾನೆ. ಮೂವತ್ತು ಹಸುವಿನವನಿಗೆ ಆಳೂ ಅವನೇ, ಧಣಿಯೂ ಅವನೇ. ಈ ನಿದ್ದೆಗೇಡಿನ ಖರ್ಚು ಯಾವ ಜಮಾಖರ್ಚಿನ ಪುಸ್ತಕದಲ್ಲೂ ಬರುವುದಿಲ್ಲ, ಆದರೆ ಸಣ್ಣ ಹಿಂಡುಗಳನ್ನು ಮುಚ್ಚಿಸುವ ಕಾರಣಗಳಲ್ಲಿ ಅದೂ ಒಂದು ಎಂದೇ ನನ್ನ ಎಣಿಕೆ.

ಕೆನಡಾದ ಮನಿಟೋಬಾ ಪ್ರಾಂತದಲ್ಲಿ ವಿನ್ನಿಪೆಗ್ ನಗರದಿಂದ ಉತ್ತರಕ್ಕೆ ಸುಮಾರು ನೂರು ಕಿಲೋಮೀಟರು ಹೋದರೆ ಆರ್ಬೋರ್ಗ್ ಎಂಬ ಸಣ್ಣ ಊರು. ಕೆಂಪು ಮೈ, ಬಿಳಿ ಮುಖದ ಹೆರೆಫರ್ಡ್ ದನ ಸಾಕುತ್ತಿದ್ದ ಗಸ್ ಕೊನೆಫಾಲ್ ಅಲ್ಲಿಯವನು. 1970ರ ದಶಕದಲ್ಲಿ ಅವನು ಒಂದು ಸಂಗತಿ ವರದಿ ಮಾಡಿದ. ಗಬ್ಬದ ಹಸುಗಳಿಗೆ ಮೇವು ಹಾಕುವ ಹೊತ್ತನ್ನು ಬದಲಿಸಿದರೆ ಅವು ಕರು ಹಾಕುವ ಹೊತ್ತೂ ಬದಲಾಗುತ್ತದೆ ಎಂದು. ಅವನ ಪದ್ಧತಿ ಹೀಗಿತ್ತು: ಮೊದಲ ಕರು ಹುಟ್ಟುವುದಕ್ಕೆ ಒಂದು ತಿಂಗಳು ಮುಂಚಿನಿಂದ ಹಿಡಿದು, ಮೊದಲ ಮೇವು ಬೆಳಿಗ್ಗೆ 11ರಿಂದ 12ರೊಳಗೆ, ಎರಡನೆಯದು ರಾತ್ರಿ 9.30ರಿಂದ 10ರೊಳಗೆ. ಮೇವಿನ ಪ್ರಮಾಣದಲ್ಲಿ ಬದಲಾವಣೆಯಿಲ್ಲ, ಔಷಧಿಯಿಲ್ಲ, ಸೂಜಿಯಿಲ್ಲ. ಹೀಗೆ ಮಾಡಿದರೆ ನೂರಕ್ಕೆ ಎಂಬತ್ತು ಕರುಗಳು ಬೆಳಿಗ್ಗೆ 7ರಿಂದ ಸಂಜೆ 7ರೊಳಗೆ ಹುಟ್ಟುತ್ತವೆ ಎಂದು ಅವನ ಲೆಕ್ಕ.

ಹಸುವಿನ ಹೆರಿಗೆಯ ಬಗ್ಗೆ ರೈತಾಪಿ ನಂಬಿಕೆಗಳಿಗೆ ಯಾವ ದೇಶದಲ್ಲೂ ಬರವಿಲ್ಲ. ಹುಣ್ಣಿಮೆ, ಅಮಾವಾಸ್ಯೆ, ಮೋಡ ಕವಿದ ದಿನ, ಎಲ್ಲಕ್ಕೂ ಒಂದೊಂದು ಕತೆಯಿದೆ. ಇದನ್ನೂ ಆ ಪಟ್ಟಿಗೆ ಸೇರಿಸಿ ನಕ್ಕುಬಿಡಬಹುದಿತ್ತು. ಆದರೆ ಇದರಲ್ಲಿ ಬೇರೆ ನಂಬಿಕೆಗಳಿಗಿಲ್ಲದ ಒಂದು ಗುಣವಿತ್ತು: ಎರಡು ಗುಂಪು ಹಸು, ಒಂದು ಗಡಿಯಾರ, ಒಂದು ಪುಸ್ತಕ ಇದ್ದರೆ ಯಾರು ಬೇಕಾದರೂ ಪರೀಕ್ಷಿಸಬಹುದಿತ್ತು.

ಪರೀಕ್ಷಿಸಿದರು. ಕೆನಡಾದಲ್ಲೇ 104 ಹೆರೆಫರ್ಡ್ ಹಸುಗಳನ್ನು ಎರಡು ಪಾಲು ಮಾಡಿ ನೋಡಿದರು. ಬೆಳಿಗ್ಗೆ 8ಕ್ಕೆ ಮತ್ತು ಮಧ್ಯಾಹ್ನ 3ಕ್ಕೆ ಮೇವು ತಿಂದ ಗುಂಪಿನಲ್ಲಿ ಹಗಲು ಕರು ಹಾಕಿದವು ನೂರಕ್ಕೆ 38.4, ಬೆಳಿಗ್ಗೆ 11ಕ್ಕೆ ಮತ್ತು ರಾತ್ರಿ 9ಕ್ಕೆ ತಿಂದ ಗುಂಪಿನಲ್ಲಿ 79.6. ಕೊನೆಫಾಲ್ ಹೇಳಿದ ಎಂಬತ್ತಕ್ಕೆ ಕೂದಲೆಳೆ ಕಮ್ಮಿ. ಬ್ರಿಟನ್ನಿನಲ್ಲಿ ನಾಲ್ಕು ಫಾರ್ಮುಗಳ 162 ದನಗಳ ಮೇಲೆ ನೋಡಿದಾಗ ಬೆಳಿಗ್ಗೆ 9ಕ್ಕೆ ಮೇವು ಹಾಕಿದರೆ 57, ರಾತ್ರಿ 10ಕ್ಕೆ ಹಾಕಿದರೆ 79 ಎಂದು ಬಂತು. ಬ್ರಿಟನ್ನಿನ ಅಂಕಿಯನ್ನು ಮಾತ್ರ ಸ್ವಲ್ಪ ತಡೆದು ಓದಬೇಕು. ಅವರು ‘ಹಗಲು’ ಎಂದು ಹಿಡಿದದ್ದು ಬೆಳಗಿನ ಜಾವ 5ರಿಂದ ರಾತ್ರಿ 10ರವರೆಗೆ, ಅಂದರೆ ಹದಿನೇಳು ಗಂಟೆ. ಏನೂ ಮಾಡದೆ ಸುಮ್ಮನಿದ್ದರೂ ಬರಿಯ ಆಕಸ್ಮಿಕದಿಂದಲೇ ನೂರಕ್ಕೆ ಎಪ್ಪತ್ತೊಂದು ಕರುಗಳು ಅಷ್ಟು ಹೊತ್ತಿನೊಳಗೆ ಬೀಳಬೇಕು. ಹಾಗಾಗಿ ಅಲ್ಲಿ ಎದ್ದು ಕಾಣುವುದು 79 ಅಲ್ಲ, 57. ಬೆಳಗಿನ ಮೇವು ಕರುಗಳನ್ನು ರಾತ್ರಿಯ ಕಡೆಗೇ ದೂಡುತ್ತಿತ್ತು! ಕೆನಡಾದ 38.4 ಹೇಳುವುದೂ ಅದನ್ನೇ. ಅಂದರೆ ತಲೆತಲಾಂತರದಿಂದ ರೈತರು ಬೆಳಿಗ್ಗೆ ಎದ್ದು ಚೊಕ್ಕವಾಗಿ ಮೇವು ಹಾಕಿ, ತಮ್ಮ ರಾತ್ರಿಯ ನಿದ್ದೆಯನ್ನು ತಾವೇ ಕೆಡಿಸಿಕೊಳ್ಳುತ್ತಿದ್ದಿರಬೇಕು.

ಎಲ್ಲ ಕಡೆಯೂ ಇಷ್ಟು ಖಡಾಖಂಡಿತ ಉತ್ತರ ಬರಲಿಲ್ಲ. ಮೊಂಟಾನಾದ ಮೈಲ್ಸ್ ಸಿಟಿಯ ಸಂಶೋಧನಾ ಕೇಂದ್ರದಲ್ಲಿ ಫಲ ಕಂಡಿತು, ಆದರೆ ಸಣ್ಣದು. ರಾತ್ರಿಯ ಹೆರಿಗೆಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತರ ಇಳಿಕೆಯಷ್ಟೇ.

ಕಾರಣವೇನು ಎಂದು ಹುಡುಕಿದವರು ಹೋದದ್ದು ಹಸುವಿನ ಹೊಟ್ಟೆಗೆ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆ, ರೂಮೆನ್, ಬೆಳೆದ ಹಸುವಿನಲ್ಲಿ ನೂರು ಲೀಟರಿಗೂ ಮಿಕ್ಕಿ ಹಿಡಿಸುವ ಚೀಲ. ಹೊಟ್ಟೆಯ ಎಡಭಾಗವನ್ನೆಲ್ಲ ಅದೇ ಆಕ್ರಮಿಸಿರುತ್ತದೆ. ತುಂಬು ಗರ್ಭಕೋಶ ಅದರ ಮಗ್ಗುಲಲ್ಲೇ ಒತ್ತಿಕೊಂಡು ಮಲಗಿರುತ್ತದೆ. ರೂಮೆನ್ ಸುಮ್ಮನಿರುವುದಿಲ್ಲ, ಮೇವನ್ನು ಕಲಸುತ್ತ ಸಂಕೋಚಿಸುತ್ತಲೇ ಇರುತ್ತದೆ. ಗಬ್ಬದ ಕೊನೆಯ ಎರಡು ವಾರಗಳಲ್ಲಿ ಅದರೊಳಗಿನ ಒತ್ತಡ ಇಳಿಯತೊಡಗುತ್ತದೆ. ಹೆರಿಗೆಯ ಹೊತ್ತಿಗೆ ಇನ್ನೂ ಬೇಗ ಇಳಿಯುತ್ತದೆ. ಕರು ಹಾಕುವ ಕೆಲವು ಗಂಟೆ ಮೊದಲು ಸಂಕೋಚನದ ಸಂಖ್ಯೆಯೂ ಕುಗ್ಗುತ್ತದೆ. ಇಷ್ಟು ಅಳತೆಗೆ ಸಿಕ್ಕ ಸಂಗತಿ. ರಾತ್ರಿ ಮೇವು ತಿಂದ ಹಸುವಿನಲ್ಲಿ ಒತ್ತಡ ರಾತ್ರಿ ಏರಿ ಹಗಲು ಇಳಿಯುತ್ತದೆ, ಆದ್ದರಿಂದ ಹೆರಿಗೆಯೂ ಹಗಲಿಗೆ ಸರಿಯುತ್ತದೆ ಎಂಬುದು ಅದರಿಂದ ಕಟ್ಟಿದ ತರ್ಕ. ಹಾರ್ಮೋನುಗಳ ಕೈವಾಡವೂ ಇರಬಹುದೆಂಬ ಶಂಕೆ ವಿಜ್ಞಾನಿಗಳಿಗೆ ಹೋಗಿಲ್ಲ. ಒಂದು ಮಾತು ಸ್ಪಷ್ಟ: ಮೇವಿನಿಂದ ಹೆರಿಗೆಯ ದಿನ ನಿರ್ಧಾರವಾಗುವುದಿಲ್ಲ, ಗಂಟೆ ಮಾತ್ರ ಅತ್ತಿತ್ತ ಸರಿಯುತ್ತದೆ. ದಿನ ಬೇಕಾದರೆ ಹೋರಿಯನ್ನು ಹಿಂಡಿಗೆ ಬಿಟ್ಟ ತಾರೀಕಿಗೆ 283 ದಿನ ಕೂಡಿಸಿಕೊಳ್ಳಬೇಕು.

ಕೊನೆಫಾಲ್‌ನ ಪದ್ಧತಿಯಲ್ಲಿ ಒಂದು ಪೇಚಿತ್ತು. ರಾತ್ರಿ ನಿದ್ದೆ ಉಳಿಸಿಕೊಳ್ಳಲು ರಾತ್ರಿ ಹತ್ತಕ್ಕೆ ಮಂಜಿನಲ್ಲಿ ಹುಲ್ಲು ಹೊರಬೇಕು! ಅದನ್ನು ಸಡಿಲಿಸಿದ್ದು ಅಯೋವಾದ ರೈತರ ಲೆಕ್ಕ. ಅಲ್ಲಿ 15 ಫಾರ್ಮುಗಳ 1,331 ಹಸುಗಳಿಗೆ ದಿನಕ್ಕೆ ಒಂದೇ ಸಲ, ಮುಸ್ಸಂಜೆ ಹೊತ್ತಿಗೆ ಮೇವು ಹಾಕಿದರು. ನೂರಕ್ಕೆ 85 ಕರುಗಳು ಬೆಳಿಗ್ಗೆ 6ರಿಂದ ಸಂಜೆ 6ರೊಳಗೆ ಹುಟ್ಟಿದವು. ತಿಂಗಳು ಮುಂಚೆ ಶುರುಮಾಡಬೇಕೆಂಬ ಕಟ್ಟುನಿಟ್ಟೂ ಬೇಡವಾಯಿತು. ಒಂದು ವಾರ ಮುಂಚೆ ಶುರುಮಾಡಿದವರಿಗೂ ಎರಡು ಮೂರು ವಾರ ಮುಂಚೆ ಮಾಡಿದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಮುಂದೆ ಕಾನ್ಸಾಸ್ ರಾಜ್ಯ ವಿಶ್ವವಿದ್ಯಾಲಯದವರು ಸಂಜೆ 4ರಿಂದ 6ರೊಳಗೆ ಮೇವು ತಿನ್ನುವ ಹಸುಗಳ ಹೆರಿಗೆಯ ಹೊತ್ತನ್ನು ವರ್ಷವರ್ಷವೂ ಬರೆದಿಟ್ಟಾಗಲೂ ಸಿಕ್ಕಿದ್ದು ಅದೇ 85ರ ಸುತ್ತಮುತ್ತಲ ಅಂಕಿ. ನೌಕರಿ ಮುಗಿಸಿ ಮನೆಗೆ ಬಂದವನು ಬೆಳಕಿರುವಾಗಲೇ ಮಾಡಿ ಮುಗಿಸಬಹುದಾದ ಕೆಲಸ ಇದು. ಕೊನೆಫಾಲ್ ಕಂಡದ್ದು ಮನೆಮನೆಗೆ ಹೊಂದಿಕೊಂಡದ್ದು ಈ ಸರಳ ರೂಪದಲ್ಲಿ.

ಆದರೂ ಇದು ಎಲ್ಲರ ಮನೆಯ ರೂಢಿಯಾಗಲಿಲ್ಲ. ಹೊಸ ಚುಚ್ಚುಮದ್ದು ಬಂದರೆ ಕಂಪನಿಯ ಪ್ರತಿನಿಧಿ ಮನೆ ಬಾಗಿಲಿಗೇ ಬರುತ್ತಾನೆ. ಗಡಿಯಾರದ ಮುಳ್ಳು ಸರಿಸುವುದರಲ್ಲಿ ಮಾರಲಿಕ್ಕೆ ಏನಿದೆ? ಇದು ಹರಡಿದ್ದೆಲ್ಲ ವಿಸ್ತರಣಾ ಅಧಿಕಾರಿಗಳ ಕರಪತ್ರಗಳಿಂದ, ನೆರೆಯವನ ಮಾತಿನಿಂದ.

ಇನ್ನೊಂದು ತೊಡಕು ಯಂತ್ರದ್ದು. ಕೊನೆಫಾಲ್‌ನ ಸುದ್ದಿ ಹರಡುತ್ತಿದ್ದ ಕಾಲದಲ್ಲೇ ಅಯೋವಾದ ವರ್ಮಿಯರ್ ಕಂಪನಿ 1971ರಲ್ಲಿ ಹೊರತಂದಿದ್ದ ದೊಡ್ಡ ಉರುಟು ಪೆಂಡಿಯ ಯಂತ್ರ ಊರೂರು ಸೇರುತ್ತಿತ್ತು. ಅದರಿಂದ ಹುಲ್ಲನ್ನು ಆಳೆತ್ತರದ ಸುರುಳಿ ಮಾಡಿ, ಟ್ರಾಕ್ಟರಿನಲ್ಲಿ ತಂದು ಇಟ್ಟುಬಿಟ್ಟರೆ ದನಗಳು ಹಗಲೂ ರಾತ್ರಿ ತಮಗೆ ಬೇಕಾದಾಗ ಮೇಯುತ್ತವೆ. ರೈತನಿಗೆ ನಾಲ್ಕೈದು ದಿನ ಆ ಕಡೆ ತಿರುಗಿ ನೋಡುವ ಕೆಲಸವಿಲ್ಲ. ಮೈ ಹಗುರವಾಯಿತು, ಆದರೆ ಮೇವಿನ ಹೊತ್ತು ಅವನ ಕೈತಪ್ಪಿ ಹಸುವಿನ ಬಾಯಿಗೆ ಹೋಯಿತು. ಹಸಿರು ಹುಲ್ಲುಗಾವಲಿನಲ್ಲಿ ಈಯುವ ಹಿಂಡುಗಳಿಗೂ ಇದೇ ಮಿತಿ.

ಉಪಾಯ ಮತ್ತೆ ಖರ್ಚಿಲ್ಲದ್ದೇ. ಪೆಂಡಿಗಳನ್ನು ಬೇಲಿ ಹಾಕಿದ ಒಂದು ತುಂಡು ಜಾಗದಲ್ಲಿ ಇಟ್ಟು, ಸಂಜೆ ಗೇಟು ತೆರೆದು, ಬೆಳಿಗ್ಗೆ ದನ ಹೊರಗಟ್ಟಿ ಮುಚ್ಚುತ್ತಾರೆ. ಹೊಟ್ಟೆ ತುಂಬಾ ತಿಂದ ಹಸುಗಳು ಹಗಲೆಲ್ಲ ಮೆಲುಕು ಹಾಕುತ್ತ, ನಡುವೆ ಒಂದೊಂದಾಗಿ ಕರು ಹಾಕುತ್ತವೆ. ನೂರಕ್ಕೆ ಹದಿನೈದು ಇಪ್ಪತ್ತು ಹಸುಗಳು ಯಾರ ಮಾತಿಗೂ ಬಗ್ಗದೆ ನಡುರಾತ್ರಿಯನ್ನೇ ಆರಿಸಿಕೊಳ್ಳುತ್ತವೆ. ಅವುಗಳಿಗಾಗಿ, ಅದರಲ್ಲೂ ಚೊಚ್ಚಲ ಕಡಸುಗಳಿಗಾಗಿ, ರಾತ್ರಿ ಒಂದು ಸುತ್ತಿಗೆ ಅಲಾರಂ ಇಡುವುದು ತಪ್ಪಿಲ್ಲ. ಮೂರು ಸುತ್ತು ಹೋಗಿ ಒಂದಕ್ಕೆ ಇಳಿದಿದೆ.